ಕಾರಿನ ಕೀಲಿ ಮನೆಯಲ್ಲೇ ಇರಲಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು. ಹೆದ್ದಾರಿ ಚೆನ್ನಾಗಿದೆ, ದಾವಣಗೆರೆ, ಚಿತ್ರದುರ್ಗ, ತುಮಕೂರು ಒಂದರ ಹಿಂದೊಂದು ದಾಟಿಹೋಗುತ್ತವೆ. ನೆಲಮಂಗಲ ಬಂದ ಮೇಲೆ ಮಾತ್ರ ಉಳಿದ ದಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರೂ ಹೇಳಲಾರರು. ನೋಂದಣಿಯಾದ ವಾಹನಗಳೇ ಒಂದು ಕೋಟಿ ಮೀರಿದ ಊರಿಗೆ ನಮ್ಮದನ್ನೂ ಒಯ್ದು, ಅದನ್ನು ನಿಲ್ಲಿಸಲು ಜಾಗ ಹುಡುಕುತ್ತ ಎರಡು ದಿನದ ರಜೆ ಕಳೆಯುವುದು ನನಗೆ ಬೇಡವಾಗಿತ್ತು.

ಕಾರು ಬೇಡವೆನ್ನಲು ಅದಕ್ಕಿಂತ ದೊಡ್ಡ ಕಾರಣವೂ ಇತ್ತು. ನಮ್ಮ ದೊಡ್ಡಾಕಿಗೆ ಹದಿನೇಳು, ಪಿಯುಸಿ ಎರಡನೇ ವರ್ಷ. ಮುಂದಿನ ಓದಿಗೆ ಬೆಂಗಳೂರಿಗೇ ಹೋಗುವ ಹುಡುಗಿ. ಸಣ್ಣಾಕಿಗೆ ಹದಿನಾಲ್ಕು. ಇಬ್ಬರೂ ಈತನಕ ಬೆಂಗಳೂರನ್ನು ಕಂಡದ್ದು ಹಿಂದಿನ ಸೀಟಿನ ಕಿಟಕಿಯಿಂದ. ಯಾರದೋ ಮದುವೆಗೆ ಹೋಗಿ ಕಲ್ಯಾಣ ಮಂಟಪದ ಮುಂದೆ ಇಳಿದು, ಊಟ ಮುಗಿಸಿ, ಮತ್ತೆ ಅದೇ ಸೀಟು ಹತ್ತಿದವರು. ಹೋಗಿದ್ದು ಯಾವ ಬಡಾವಣೆ, ಅದು ಮೆಜೆಸ್ಟಿಕ್ಕಿನಿಂದ ಯಾವ ದಿಕ್ಕು ಎಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ. ನಾನು ಎಂ.ಎ. ಓದಲು ಆ ಊರಿಗೆ ಹೋದಾಗ ಕೈಯಲ್ಲಿ ದುಡ್ಡಿರಲಿಲ್ಲ, ಹಾಗಾಗಿ ನಡೆದೆ. ಬೆಂಗಳೂರಿನ ಬಗ್ಗೆ ಇವತ್ತಿಗೂ ನನಗೆ ಗೊತ್ತಿರುವುದೆಲ್ಲ ಆಗ ಕಾಲು ಕಲಿಸಿದ್ದು. ಮಗಳು ಒಬ್ಬಳೇ ಅಲ್ಲಿಗೆ ಹೋಗಿ ನಿಲ್ಲುವ ಮೊದಲು ಒಂದು ಸಲವಾದರೂ ಅವಳ ಕಾಲಿಗೆ ಆ ನೆಲದ ಪರಿಚಯವಾಗಬೇಕು, ಅದೂ ನಾನು ಜೊತೆಗಿರುವಾಗ.

ದಸರೆ ರಜೆಯ ಒಂದು ಶನಿವಾರ, ಭಾನುವಾರ ಹೋಗೋಣವೆಂದು ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರಿಗೆ ಕಾರು ಬಿಟ್ಟು ಹೋಗುವುದು ಅಷ್ಟು ಒಪ್ಪಿಗೆಯಾಗಲಿಲ್ಲ. "ಕಾರ್ ಇದ್ರ ನಮ್ಮ ಟೈಮಿಗೆ ಹೋಗಬಹುದಲ್ಲ," ಅಂದರು. ಅತ್ತೆಯವರು ನೇರವಾಗಿಯೇ ಕೇಳಿದರು: "ಬೆಳದ ಹೆಣ್ಮಕ್ಕಳನ್ನ ಕರಕೊಂಡು ಆ ಊರಾಗ ಬಸ್ಸು, ರೈಲು ಅಂತ ಯಾಕ ತಿರಗತಿ?" ಬೆಳೆದ ಹೆಣ್ಣುಮಕ್ಕಳೆಂದೇ ತಿರುಗಬೇಕು ಎಂದೆ. ಅವರು ಆ ಹೊತ್ತಿಗೆ ಏನೂ ಹೇಳಲಿಲ್ಲ. ಮರುದಿನ ತಮ್ಮ ಸಣ್ಣ ಜಿಪ್ಪಿನ ಚೀಲ ತಂದು ಸಣ್ಣಾಕಿಯ ಕೈಗೆ ಕೊಟ್ಟು, ರೊಕ್ಕ ಒಳಗಿನ ಖಾನೆಯಲ್ಲಿ ಇಟ್ಟುಕೋ ಎಂದರು.

ಹುಬ್ಬಳ್ಳಿಯ ಹುಡುಗಿಯರಿಗೆ ಬಸ್ಸು ಹೊಸದಲ್ಲ. ಹುಬ್ಬಳ್ಳಿ, ಧಾರವಾಡದ ನಡುವೆ ಚಿಗರಿ ಬಸ್ಸಿಗೆ ಅದರದೇ ಪ್ರತ್ಯೇಕ ಹಾದಿಯಿದೆ. ಪಕ್ಕದಲ್ಲಿ ಕಾರುಗಳು ನಿಂತಿರುವಾಗ ಬಸ್ಸು ಮುಂದೆ ಹೋಗುವುದನ್ನು ಇವರು ದಿನಾ ನೋಡುತ್ತಾರೆ. ಅದಕ್ಕೇ ಯೋಜನೆಯನ್ನು ಪೂರ್ತಿ ಅವರ ಕೈಗೇ ಬಿಟ್ಟೆ. ನನ್ನದು ಮೂರೇ ಷರತ್ತು. ಉಳಿಯುವ ಲಾಡ್ಜು ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿರಬೇಕು. ಆ ದಾರಿಯಲ್ಲಿ ರಾತ್ರಿ ಒಂಬತ್ತಕ್ಕೂ ಅಂಗಡಿಗಳು ತೆರೆದಿರಬೇಕು, ಜನ ಓಡಾಡುತ್ತಿರಬೇಕು. ಒಂದು ಹೊತ್ತಿಗೆ ಒಂದೇ ದಿಕ್ಕು, ಊರಿನ ಈ ತುದಿಯಿಂದ ಆ ತುದಿಗೆ ಓಡುವುದು ಬೇಡ.

ದೊಡ್ಡಾಕಿ ಮೆಟ್ರೊ ನಕ್ಷೆಯನ್ನು ಫೋನಿನಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಳು. ಫೋನಿನ ಚಾರ್ಜು ಮುಗಿದರೆ ಇರಲಿ ಎಂದು ಅವಳ ಯೋಚನೆ. ಪೂರ್ವ, ಪಶ್ಚಿಮವಾಗಿ ನೇರಳೆ ಗೆರೆ, ಉತ್ತರ, ದಕ್ಷಿಣವಾಗಿ ಹಸಿರು ಗೆರೆ, ಎರಡೂ ಕೂಡುವುದು ಮೆಜೆಸ್ಟಿಕ್ಕಿನಲ್ಲಿ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ರೈಲು ಓಡಿದಾಗ ಇವಳಿನ್ನೂ ತೊದಲು ಮಾತಿನ ಕೂಸು. ಆ ಗೆರೆಗಳನ್ನು ಬರೆದು ಮುಗಿಸಿ ಅವಳು ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಅವ್ವಾ, ಮೆಜೆಸ್ಟಿಕ್ ಒಂದು ನೆನಪಿದ್ರ ಸಾಕು, ಎಲ್ಲಿಂದಾದ್ರೂ ತಿರುಗಿ ಬರಬಹುದು." ಅವಳಿಂದ ನನಗೆ ಬೇಕಾಗಿದ್ದ ಭರವಸೆ ಇದೇ.

ಬಸ್ಸೋ ರೈಲೋ ಎಂಬ ಚರ್ಚೆ ಒಂದು ಸಂಜೆ ನಡೆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ನಾವು ಮೂವರೂ ಆಧಾರ್ ಕಾರ್ಡು ತೋರಿಸಿ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಒಂದು ರೂಪಾಯಿ ಕೊಡದೆ ಹೋಗಬಹುದು, ಅಲ್ಲಿನ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲೂ ಹಾಗೆಯೇ ತಿರುಗಬಹುದು. ಸಣ್ಣಾಕಿ ಉಳಿಯುವ ರೊಕ್ಕದ ಲೆಕ್ಕ ಹಾಕಿ ಪುಸ್ತಕಕ್ಕೆ ಎತ್ತಿಟ್ಟಳು. ಈ ಯೋಜನೆಯ ಖರ್ಚು, ವೆಚ್ಚದ ಬಗ್ಗೆ ಜನ ಏನೇ ವಾದಿಸಲಿ, ಹೊರಗೆ ಹೋಗಲು ಮನೆಯಲ್ಲಿ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ ಎಂಬ ಅರಿವು ಒಬ್ಬ ಹುಡುಗಿಗೆ ಏನು ಕೊಡುತ್ತದೆಂದು ನನಗೆ ಗೊತ್ತು. ನನ್ನ ತಾಯಿಗೆ ಅದು ಇರಲಿಲ್ಲ. ತವರಿಗೆ ಹೋಗುವ ಬಸ್ ಚಾರ್ಜು ಕೇಳಲು ಆಕೆ ಹೊತ್ತು ನೋಡಿ ಕಾಯುತ್ತಿದ್ದಳು.

ಆದರೂ ರಾತ್ರಿಯ ಪ್ರಯಾಣಕ್ಕೆ ರೈಲನ್ನೇ ಆರಿಸಿದೆವು. ಬೆನ್ನು ಚಾಚಿ ಮಲಗಬಹುದು, ಬೇಕೆಂದಾಗ ಶೌಚಾಲಯಕ್ಕೆ ಹೋಗಬಹುದು. ಹೆಣ್ಣುಮಕ್ಕಳ ಪ್ರಯಾಣದಲ್ಲಿ ಈ ಎರಡನೆಯದಕ್ಕೆ ಇರುವ ತೂಕ ದೊಡ್ಡದು. ಮಿರಜ, ಬೆಳಗಾವಿ ಕಡೆಯಿಂದ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ನಮ್ಮೂರು ದಾಟಿ ಬೆಳಗಿನ ಜಾವಕ್ಕೆ ಬೆಂಗಳೂರು ಮುಟ್ಟುತ್ತದೆ. ಹತ್ತುವುದು ಜಗತ್ತಿನಲ್ಲೇ ಅತಿ ಉದ್ದದ, 1,507 ಮೀಟರಿನ ಪ್ಲಾಟ್‌ಫಾರ್ಮ್ ಇರುವ ನಿಲ್ದಾಣದಲ್ಲಿ. ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ತಿಳಿದಿರಬೇಕು ಎಂಬುದೂ ದೊಡ್ಡಾಕಿಯ ನೋಟ್‌ಬುಕ್ಕಿಗೆ ಸೇರಿತು. ಇಳಿಯುವ ನಿಲ್ದಾಣಕ್ಕೆ 2015ರಿಂದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಕಿತ್ತೂರಿನ ರಾಣಿಯ ಹೆಸರಿನ ಗಾಡಿ ಇಡೀ ರಾತ್ರಿ ಓಡಿ ಅವಳ ಬಂಟನ ಹೆಸರಿನ ನಿಲ್ದಾಣ ಸೇರುತ್ತದೆ. ಕಿತ್ತೂರು ನಮಗೆ ಪಕ್ಕದ ಊರು. ನಮ್ಮ ಕಡೆಯ ಮಕ್ಕಳಿಗೆ ರಾಜಧಾನಿಯ ಬಾಗಿಲಲ್ಲೇ ತಮ್ಮ ನೆಲದ ಹೆಸರು ಸಿಗುವುದು ನನಗೆ ನಿಜವಾಗಿ ಹೆಮ್ಮೆ.

ಶನಿವಾರಕ್ಕೆ ಹಸಿರು ಗೆರೆ. ಲಾಡ್ಜಿನಲ್ಲಿ ಚೀಲ ಇಟ್ಟು, ಮೆಜೆಸ್ಟಿಕ್ಕಿನಿಂದ ಎರಡನೇ ನಿಲ್ದಾಣ ಕೆ.ಆರ್. ಮಾರುಕಟ್ಟೆ. ಬೆಳಗಿನ ಹೂವಿನ ಸಂತೆ, ಪಕ್ಕದಲ್ಲಿ ಕೋಟೆಯ ಉಳಿದ ಭಾಗ, ಮರದ ಕಂಬಗಳ ಟಿಪ್ಪುವಿನ ಬೇಸಿಗೆ ಅರಮನೆ. ಮತ್ತೆರಡು ನಿಲ್ದಾಣಕ್ಕೆ ಲಾಲ್‌ಬಾಗ್. ಸಣ್ಣಾಕಿಗೆ ಅಲ್ಲಿ ಗಾಜಿನ ಮನೆ ನೋಡುವ ಆಸೆ. ನನಗೆ ಅವರಿಬ್ಬರನ್ನೂ ಅಲ್ಲಿನ ಬಂಡೆಯ ಮೇಲೆ ಕೂರಿಸುವ ಆಸೆ. ಹೈದರಾಲಿ 1760ರಲ್ಲಿ ತೋಟ ಶುರು ಮಾಡಿಸುವುದಕ್ಕೂ ಮೊದಲು, ಅದರ ಮೇಲೆ ಕೆಂಪೇಗೌಡರ ಗೋಪುರ ಏಳುವುದಕ್ಕೂ ಮೊದಲು, ಈ ನಾಡಿನಲ್ಲಿ ಯಾವ ಮರವೂ ಹುಟ್ಟುವುದಕ್ಕೂ ಮೊದಲಿನಿಂದ ಅಲ್ಲೇ ಇರುವ ಕಲ್ಲದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಸುತ್ತ ಹೊಸದೆಲ್ಲ ಎದ್ದು ನಿಂತಿರುವ ಊರಿನಲ್ಲಿ ಅಷ್ಟು ಹಳೆಯದನ್ನು ಅಂಗೈಯಿಂದ ಮುಟ್ಟಬಹುದು.

ಭಾನುವಾರಕ್ಕೆ ನೇರಳೆ ಗೆರೆ, ಕಬ್ಬನ್ ಪಾರ್ಕ್. ಅಂದು ಪಾರ್ಕಿನೊಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ನಾವು ಕಾರಿಲ್ಲದೆ ಹೋಗುವ ದಿನವೇ ಪಾರ್ಕಿನಲ್ಲೂ ಕಾರಿಲ್ಲ. ಅಂಚಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ, ರೈಟ್ ಸಹೋದರರ ವಿಮಾನದ ಮಾದರಿ ಅಲ್ಲಿ ನಿಜ ಗಾತ್ರದಲ್ಲೇ ಇದೆ. ಪಕ್ಕದ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು ಆತಕೂರಿನ ಶಾಸನ. ಹತ್ತನೇ ಶತಮಾನದ ಕಲ್ಲು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಕಾದಾಡಿ, ಹಂದಿಯೂ ತಾನೂ ಸತ್ತ ಸಂಗತಿ ಆ ಕಲ್ಲಿನಲ್ಲಿ ಅಕ್ಷರವಾಗಿಯೂ ಚಿತ್ರವಾಗಿಯೂ ಇದೆ. ಬೀದಿನಾಯಿಗಳಿಗೆಲ್ಲ ಹೆಸರಿಟ್ಟು ಕರೆಯುವ ಸಣ್ಣಾಕಿಗೆ ಇದನ್ನು ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: "ಅದರ ಹೆಸರು ಇವತ್ತಿನ ತನಕ ಉಳದೈತಿ?" ಕಲ್ಲಿನ ದರ್ಶನವಾಗುತ್ತದೋ ಇಲ್ಲವೋ, ಅಂದು ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸುವ ಜವಾಬ್ದಾರಿ ಆಗಿನಿಂದ ಅವಳದೇ.

ಕಬ್ಬನ್ ಪಾರ್ಕ್ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಚಿನ್ನಸ್ವಾಮಿ ಕ್ರೀಡಾಂಗಣ. ದೊಡ್ಡಾಕಿ ಆರ್‌ಸಿಬಿಯ ಅಭಿಮಾನಿ. ಆ ಗೋಡೆಯ ಮುಂದೆ ನಿಂತು ಒಂದು ಫೋಟೊ ಬೇಕು ಅಂದವಳು ಸ್ವಲ್ಪ ಹೊತ್ತು ಸುಮ್ಮನಾದಳು. 2025ರ ಜೂನ್ 4ರಂದು ವಿಜಯೋತ್ಸವಕ್ಕೆ ಹೋದ 11 ಜನ ಅಲ್ಲಿನ ನೂಕುನುಗ್ಗಲಿನಲ್ಲಿ ತೀರಿಕೊಂಡರು, ಬಹುಪಾಲು ಎಳೆಯ ವಯಸ್ಸಿನವರು. ಪಂದ್ಯವೋ ಮೆರವಣಿಗೆಯೋ ಇರುವ ದಿನ ಆ ಕಡೆ ಹೋಗುವುದಿಲ್ಲ, ಜನ ಒತ್ತುತ್ತಿರುವ ಕಡೆ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ. ಈ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಬರೆದವಳು ಅವಳೇ.

ಇನ್ನೊಂದು ಪುಟಕ್ಕೆ ನಾನೇ ಕೂತೆ. ಎಲ್ಲೆಲ್ಲಿ ಶೌಚಾಲಯವಿದೆ, ಮುಟ್ಟಿನ ದಿನ ಬಂದರೆ ಚೀಲದಲ್ಲಿ ಏನಿರಬೇಕು, ಎಲ್ಲಿ ಕೂತು ಸುಧಾರಿಸಿಕೊಳ್ಳಬಹುದು. ಪ್ರವಾಸದ ಬರಹಗಳಲ್ಲಿ ದೇವಸ್ಥಾನದ ಸಮಯ, ದೋಸೆಯ ರುಚಿ ಎಲ್ಲ ಇರುತ್ತವೆ, ಇದೊಂದು ಇರುವುದಿಲ್ಲ. ಹದಿನಾಲ್ಕರ ಹುಡುಗಿ ದಿನವಿಡೀ ನೀರು ಕುಡಿಯದೆ ತಿರುಗಿ ಸಂಜೆಗೆ ತಲೆನೋವು ಎನ್ನುವುದರ ಹಿಂದಿನ ಕಾರಣ ಹಲವು ಸಲ ಇದೇ ಆಗಿರುತ್ತದೆ. ಮೆಟ್ರೊ ನಿಲ್ದಾಣಗಳನ್ನೇ ನಂಬಿ ದಾರಿ ಹಾಕಿಕೊಂಡದ್ದಕ್ಕೆ ಇದೂ ಒಂದು ಕಾರಣ. ಮಕ್ಕಳು ಮೊದಮೊದಲು ನಾಚಿದರು. ಆಮೇಲೆ ಸಣ್ಣಾಕಿಯೇ ತನ್ನ ಗೆಳತಿಯರಿಗೂ ಆ ಪುಟದ ಫೋಟೊ ಕಳಿಸಿದಳು.

ಯೋಜನೆಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಭಾನುವಾರ ಮಧ್ಯಾಹ್ನದ ಎರಡು ತಾಸು. ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿದರೆ ಚರ್ಚ್ ಸ್ಟ್ರೀಟ್ ನಡೆಯುವಷ್ಟೇ ದೂರ. ನಾನು ಓದುವಾಗ ಅದರ ಪಕ್ಕದಲ್ಲೇ ಟಿ.ಎಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಇತ್ತು. ಕೊಳ್ಳಲು ರೊಕ್ಕವಿಲ್ಲದ ದಿನವೂ ಆ ಪುಸ್ತಕದ ರಾಶಿಗಳ ನಡುವೆ ನಿಂತಿರುತ್ತಿದ್ದೆ. ಅದು 2009ರಲ್ಲಿ ಮುಚ್ಚಿತು. ಈಗ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಇದೆ, ಬುಕ್‌ವರ್ಮ್ ಇದೆ, ಹಳೆಯ ಪುಸ್ತಕಗಳೂ ಹೊಸವೂ ಒಟ್ಟಿಗೇ ಸಿಗುತ್ತವೆ. ರಸ್ತೆಯ ನೆಲಕ್ಕೆ ಕಲ್ಲು ಹಾಸಿ, ನಡೆಯುವವರಿಗೆ ಅಗಲವಾದ ಜಾಗ ಬಿಟ್ಟಿದ್ದಾರೆ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಗೆ ಅಲ್ಲಿ ವಾಹನವನ್ನೇ ನಿಲ್ಲಿಸಿದ್ದರು. ಅದನ್ನು ಮುಂದುವರಿಸಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆ ಎರಡು ತಾಸು ತಮ್ಮಿಬ್ಬರಿಗೇ ಬೇಕೆಂದು ದೊಡ್ಡಾಕಿ ಕೇಳಿದಳು. "ನೀನು ಬರಬ್ಯಾಡ ಅಂತಲ್ಲವ್ವಾ. ನೀನಿದ್ರ ನಾವು ದಾರಿ ನೋಡೂದs ಇಲ್ಲ, ನಿನ್ನ ಹಿಂದs ಬರ್ತೀವಿ." ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಏಕೆಂದರೆ ಮಾತು ನಿಜ. ಭಯವಿಲ್ಲವೆಂದರೆ ಸುಳ್ಳಾಗುತ್ತದೆ. ಹೆಣ್ಣುಮಕ್ಕಳ ತಾಯಿಗೆ ಆ ಭಯ ಮೈಯಲ್ಲೇ ಇರುತ್ತದೆ. ಕಾರಿನ ಬಾಗಿಲು ಮುಚ್ಚಿ ಕೂರಿಸಿದರೆ ಅದು ಕಡಿಮೆಯಾದಂತೆ ಕಾಣುತ್ತದೆ, ಆದರೆ ಮುಂದಿನ ವರ್ಷ ಮಗಳು ಹಾಸ್ಟೆಲಿನಿಂದ ಹೊರಬಿದ್ದು ಮೊದಲ ಬಸ್ಸಿಗೆ ನಿಲ್ಲುವ ದಿನಕ್ಕೆ ಪೂರ್ತಿ ಹಾಗೆಯೇ ಕಾದಿರುತ್ತದೆ. ಆ ದಿನ ನಾನು 400 ಕಿಲೋಮೀಟರ್ ದೂರದಲ್ಲಿರುತ್ತೇನೆ. ಈಗಾದರೆ ಅದೇ ಬೀದಿಯ ಇಂಡಿಯಾ ಕಾಫಿ ಹೌಸಿನಲ್ಲಿ ಕೂತಿರುತ್ತೇನೆ.

"ದಾರಿ ತಪ್ಪಿದ್ರ?" ಎಂದೆ.

"ಕೇಳ್ತೀವಿ."

"ಯಾರನ್ನ?"

ಅಕ್ಕ, ತಂಗಿ ಮುಖ ಮುಖ ನೋಡಿಕೊಂಡರು. ಅಂಗಡಿಯೊಳಗೆ ಹೋಗಿ ಗಲ್ಲಾದಲ್ಲಿ ಕೂತವರನ್ನು ಕೇಳುವುದು, ಹೂ ಮಾರುವ ಹೆಂಗಸರನ್ನು ಕೇಳುವುದು, ಸಮವಸ್ತ್ರದಲ್ಲಿರುವ ಪೊಲೀಸರನ್ನು ಕೇಳುವುದು. ದಾರಿ ತೋರಿಸುತ್ತೇನೆಂದು ಯಾರಾದರೂ ಜೊತೆಗೆ ಹೊರಟರೆ ಬೇಡವೆಂದು ಗಟ್ಟಿಯಾಗಿ ಹೇಳುವುದು. ಇಬ್ಬರೂ ಬೇರೆ ಬೇರೆಯಾಗುವುದಿಲ್ಲ. ಫೋನು ಜೋರು ದನಿಯಲ್ಲಿರಬೇಕು. ನಾಲ್ಕೂವರೆಗೆ ಕಾಫಿ ಹೌಸು. ಅಷ್ಟಾದ ಮೇಲೆ ನಾನು ಹೂಂ ಅಂದೆ. ದೊಡ್ಡಾಕಿ ಕುಣಿದಾಳೆಂದುಕೊಂಡಿದ್ದೆ. ಅವಳು ಎದ್ದು ಹೋಗಿ ಅಜ್ಜಿಗೆ ಮೊದಲು ಈ ವಿಷಯ ಹೇಳಿದಳು, ಬಚ್ಚಿಟ್ಟು ಮಾಡುವ ಕೆಲಸ ಇದಲ್ಲವೆಂದು.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಆ ದಿನ ಬೆಳಿಗ್ಗೆಯೇ ಹೋಗುವ, ಬರುವ ಟಿಕೆಟ್ಟು ದೊಡ್ಡಾಕಿಯೇ ಮಾಡಿದಳು. ಉಳಿದಿರುವುದು ಒಂದೇ ತಕರಾರು. ಶನಿವಾರದ ಮಧ್ಯಾಹ್ನಕ್ಕೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೇ ಆಗಬೇಕೆಂದು ನಾನು. 1943ರಿಂದ ನಡೆದಿರುವ ಹೋಟೆಲು, ಶುಕ್ರವಾರವಷ್ಟೇ ರಜೆ, ಹತ್ತಿರದಲ್ಲೇ ಅಂಕಿತ ಪುಸ್ತಕದ ಅಂಗಡಿಯೂ ಇದೆ. ಮಲ್ಲೇಶ್ವರದ ಸಿಟಿಆರ್‌ನ ಬೆಣ್ಣೆ ಮಸಾಲೆಯೇ ಬೇಕೆಂದು ಸಣ್ಣಾಕಿ. ಅದೂ ಹಸಿರು ಗೆರೆಯ ಮೇಲೆಯೇ, ಸಂಪಿಗೆ ರಸ್ತೆ ನಿಲ್ದಾಣ. ಆದರೆ ದಿಕ್ಕು ಬೇರೆ, ನಾನು ಹಾಕಿದ ಮೂರನೇ ಷರತ್ತಿಗೆ ಒಗ್ಗುವುದಿಲ್ಲ. ಹಾಗಾದರೆ ಮಲ್ಲೇಶ್ವರವನ್ನು ಭಾನುವಾರ ಸಂಜೆಗೆ, ರೈಲು ಹತ್ತುವ ಮೊದಲಿಗೆ ಇಡೋಣ, ಅಲ್ಲಿಂದ ಮೆಜೆಸ್ಟಿಕ್ ಪಕ್ಕದಲ್ಲೇ ಇದೆ ಎನ್ನುತ್ತಾಳೆ. ನೋಟ್‌ಬುಕ್ ತೆಗೆದು ನೋಡಿದೆ. ಅವಳು ಹೇಳುವುದು ಸರಿಯಾಗಿದೆ.