ಮಹಾಂತೇಶ ನಗರದಿಂದ ಖಾನಾಪುರದವರೆಗೆ

ಬೆಳಗಾವಿಯ ಮಹಾಂತೇಶ ನಗರವು ಸಂಸಾರವಂದಿಗರ ಬಡಾವಣೆ. ಕಣಬರ್ಗಿ ರಸ್ತೆಯ ಹಾಲಿನ ಡೇರಿ, ಫ.ಗು. ಹಳಕಟ್ಟಿಯವರ ಹೆಸರಿನ ಭವನ, ನಸುಕಿನಲ್ಲಿಯೇ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುವ ತಾಯಂದಿರು ಇಲ್ಲಿಯ ನಿತ್ಯದ ನೋಟ. ಇಲ್ಲಿಂದ ಖಾನಾಪುರಕ್ಕೆ ಸುಮಾರು 30 ಕಿ.ಮೀ. ದಾರಿ. ಪೀರಣವಾಡಿ ದಾಟಿದರೆ ಎರಡೂ ಮಗ್ಗುಲಿಗೆ ಹಸಿರು, ಕೆಮ್ಮಣ್ಣು, ಭತ್ತದ ಗದ್ದೆಗಳು. ಊರು ಸಮೀಪಿಸಿದಾಗ ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಯ ದರ್ಶನ.

ನಮ್ಮ ಬಳಗದ ಕುಟುಂಬವೊಂದರೊಡನೆ ನಾವು ಈ ದಾರಿ ಹಿಡಿದದ್ದು ಕನ್ಯೆಯೊಬ್ಬಳ ಸಂಬಂಧದ ಮಾತುಕತೆಗಾಗಿ. ಕನ್ಯೆಯ ತಮ್ಮನಿಗೆ ಹದಿನಾರು ವರ್ಷ, ನೋಡಲು ಗಟ್ಟಿಮುಟ್ಟಾದ ಹುಡುಗ. ಬಸ್ಸಿನಲ್ಲಿ ಅಂಗವಿಕಲರಿಗೆ ಮೀಸಲಾದ ಆಸನದಲ್ಲಿ ಅವನು ಕುಳಿತಿದ್ದನು. ಹಿರಿಯರೊಬ್ಬರು, "ತಮ್ಮಾ, ಕೈಕಾಲು ಚಲೋ ಅದಾವಲ್ಲ, ಎದ್ದು ನಿಲ್ಲಾಕ ಏನಾಗೇತಿ?" ಎಂದರು. ಹಿಂದಿನವರು ನಕ್ಕರು. ಹುಡುಗನು ಕಿಸೆಯಿಂದ ಗುರುತಿನ ಚೀಟಿ ತೆಗೆದು ತೋರಿಸಿದರೆ, "ಈಗ ಎಂಥಾ ಚೀಟಿ ಬೇಕಾದ್ರೂ ಸಿಗತಾವ" ಎಂಬ ಮಾತು ಬಂದಿತು. ಅವನು ಎದ್ದು ನಿಂತುಬಿಟ್ಟನು. ತಾಯಿ ಎಷ್ಟು ಹೇಳಿದರೂ ಮತ್ತೆ ಕೂಡಲಿಲ್ಲ.

ಅವನಿಗಿರುವದು ಹಿಮೊಫಿಲಿಯಾ, ನಮ್ಮಲ್ಲಿ ಕುಸುಮ ರೋಗವೆಂದೂ ಕರೆಯುತ್ತಾರೆ. ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳಲ್ಲಿ 8ನೆಯದು ಅಥವಾ 9ನೆಯದು ಇವರಲ್ಲಿ ಕಡಿಮೆ. ಸಣ್ಣ ಗಾಯದಿಂದಲೇ ಪ್ರಾಣ ಹೋಗುವದೆಂಬುದು ಜನರ ತಪ್ಪು ಕಲ್ಪನೆ. ನಿಜವಾದ ಕಾಟ ಒಳಗಿನದು. ಮೊಣಕಾಲು, ಹರಡು, ಮೊಣಕೈಗಳ ಕೀಲಿನೊಳಗೆ ರಕ್ತ ಸೋರಿ, ಬಾತು, ಬಿಸಿಯೇರುತ್ತದೆ; ಮತ್ತೆ ಮತ್ತೆ ಹೀಗಾದರೆ ಕೀಲೇ ಸವೆದುಹೋಗುತ್ತದೆ. ಪ್ಯಾಂಟಿನ ಮರೆಯಲ್ಲಿ ಇದು ಯಾರಿಗೆ ಕಂಡೀತು? ನಿನ್ನೆ ಓಡಾಡಿದವನು ಇಂದು ಹಾಸಿಗೆ ಬಿಟ್ಟೇಳದಿದ್ದರೆ ಸೋಗು ಎನ್ನುವದು ಸುಲಭ. ಶಾಲೆಯೊಂದರಲ್ಲಿ ಅವನಿಗೆ ಅಂಥ ಬಿರುದೂ ದೊರಕಿತ್ತು.

ದಾವಣಗೆರೆಯ ಡಾ. ಸುರೇಶ ಹನಗವಾಡಿಯವರು ಸ್ವತಃ ಈ ವ್ಯಾಧಿಯುಳ್ಳವರು. ವೈದ್ಯರಾಗಿ, ಅಲ್ಲಿಯ ಹಿಮೊಫಿಲಿಯಾ ಸೊಸೈಟಿಯ ಮೂಲಕ ಇಂಥವರಿಗಾಗಿ ದುಡಿಯುತ್ತ ಬಂದಿದ್ದಾರೆ. ಆ ಹುಡುಗನಿಗೆ ನಾವು ಅವರ ಹೆಸರನ್ನು ಆಗಾಗ ಹೇಳುವದುಂಟು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಈ ರೋಗ ಇರಲಿಲ್ಲ. 2016ರ ಕಾಯಿದೆಯು 21 ಬಗೆಗಳನ್ನು ಗುರುತಿಸಿ, ಹಿಮೊಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರನ್ನೂ ಸೇರಿಸಿಕೊಂಡಿತು. ಶೇ. 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವೆಂದು ಪ್ರಮಾಣೀಕರಿಸಿದವರಿಗೆ ವಿಶೇಷ ಸೌಲಭ್ಯಗಳುಂಟು. ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ ಅದೇ ಕಾಯಿದೆಯಲ್ಲಿ ಶಿಕ್ಷೆಯೂ ಇದೆ. ವಿಚಾರಣೆ ಮಾಡಲು ಅಧಿಕಾರಿಗಳಿರುವಾಗ ಬಸ್ಸಿನ ಪ್ರಯಾಣಿಕರಿಗೆ ಆ ಉಸಾಬರಿ ಏಕೋ ತಿಳಿಯದು.

ಖಾನಾಪುರದಲ್ಲಿ ಇಳಿಯುವಷ್ಟರಲ್ಲಿ ಹುಡುಗನ ಎಡ ಮೊಣಕಾಲು ಬಾತಿತ್ತು. ಬೀಗರಾಗುವವರ ಮನೆಯಲ್ಲಿ ಮಂಚದ ಮೇಲೆ ಮಲಗಿಸಿ, ಬರ್ಫದ ತುಂಡುಗಳನ್ನು ಅರಿವೆಯಲ್ಲಿ ಸುತ್ತಿ ಇಟ್ಟೆವು. ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ನೂ ಆಸ್ಪಿರಿನ್ನೂ ಇವರಿಗೆ ಸಲ್ಲವು.

"ಏನಾತವ್ವಾ ಹುಡುಗಗ?" ಎಂದು ಆ ಮನೆಯ ಅಜ್ಜಿ ಕೇಳಿದರು. "ಉಳುಕೇತ್ರಿ" ಎಂದು ತಾಯಿ ತೇಲಿಸಿಬಿಡಬಹುದಿತ್ತು. ಇಂಥ ಸಂದರ್ಭದಲ್ಲಿ ಅನೇಕ ಮನೆಗಳು ಹಾಗೆಯೇ ಮಾಡುತ್ತವೆ. ಈ ದೋಷ ತಾಯಿಯ ಕಡೆಯಿಂದ ಬರಬಹುದು, ಅಕ್ಕತಂಗಿಯರೂ ವಾಹಕರಾಗಿರಬಹುದು. ಮುಚ್ಚಿಡುವವರ ಅಂಜಿಕೆಯೂ ಸುಳ್ಳಲ್ಲ. ಈ ತಾಯಿ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಿದರು. ಮಗಳ ರಕ್ತಪರೀಕ್ಷೆ ಮಾಡಿಸುವದಾಗಿಯೂ, ಫಲಿತಾಂಶ ಏನೇ ಬಂದರೂ ತಿಳಿಸುವದಾಗಿಯೂ ನುಡಿದರು. ವರನ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಅಜ್ಜಿಯೊಬ್ಬರೇ ಎದ್ದು, ಕರಗಿದ ಬರ್ಫವನ್ನು ಬದಲಿಸಿದರು. ಪರೀಕ್ಷೆಗೆ ರಕ್ತ ಕೊಟ್ಟಾಗಿದೆ. ಖಾನಾಪುರದಿಂದ ಇನ್ನೂ ಉತ್ತರ ಬಂದಿಲ್ಲ.