ಎರಡು ಮತಗಳ ನಡುವೆ

‘ಮತ’ ಎಂಬ ಎರಡಕ್ಷರದ ಮಾತು ಕನ್ನಡಿಗನನ್ನು ಒಮ್ಮೊಮ್ಮೆ ಪೇಚಿಗೆ ಸಿಕ್ಕಿಸುವುದುಂಟು. ಗುಡಿಗೆ ಹೋಗುವಾತನಿಗೂ ಮತವಿದೆ, ಮತಗಟ್ಟೆಗೆ ಹೋಗುವಾತನಿಗೂ ಮತವಿದೆ. ಆದರೆ ಈ ಪೇಚು ನಮಗೆ ಮಾತ್ರ ಮೀಸಲಾದುದಲ್ಲ. ಇಟಲಿಯವರ ‘ವೋಟೋ’ ಎಂಬ ಶಬ್ದಕ್ಕೂ ಅರ್ಥಗಳೆರಡು: ಚುನಾವಣೆಯ ಓಟು ಒಂದು, ಸನ್ಯಾಸಿನಿ ದೇವರ ಮುಂದೆ ತೊಟ್ಟ ವ್ರತ ಇನ್ನೊಂದು. ಆ ದೇಶದಲ್ಲಿ ಈ ಎರಡು ಅರ್ಥಗಳು ಬಹುಕಾಲ ಪರಸ್ಪರ ಮುಖ ತಿರುಗಿಸಿಕೊಂಡೇ ಇದ್ದುವು.

1870ರ ಸೆಪ್ಟೆಂಬರಿನಲ್ಲಿ ಇಟಲಿಯ ಅರಸನ ಸೇನೆ ಪೋಪರ ಆಳ್ವಿಕೆಯಲ್ಲಿದ್ದ ರೋಮ್ ನಗರವನ್ನು ವಶಪಡಿಸಿಕೊಂಡಿತು. ಒಂಬತ್ತನೆಯ ಪಯಸ್ ಪೋಪರು ತಾವು ಬಂದಿಯೆಂದು ಸಾರಿ ವ್ಯಾಟಿಕನ್ನಿನ ಒಳಗೇ ಉಳಿದರು. ಹೊಸ ರಾಜ್ಯದ ಪಾರ್ಲಿಮೆಂಟಿಗೆ ನಿಲ್ಲುವುದೂ ಬೇಡ, ಓಟು ಹಾಕುವುದೂ ಬೇಡವೆಂಬ ಮಾತು ಕ್ಯಾಥೊಲಿಕರಲ್ಲಿ ಅದಾಗಲೇ ಹಬ್ಬಿತ್ತು. 1874ರಲ್ಲಿ ‘ಅದು ಯುಕ್ತವಲ್ಲ’ ಎಂಬ ಅಪ್ಪಣೆ ರೋಮಿನಿಂದಲೇ ಹೊರಟಿತು. ಎಲ್ಲರೂ ಪಾಲಿಸಿದರೆಂದಲ್ಲ. ಆದರೂ ಶ್ರದ್ಧಾವಂತರಾದ ಅನೇಕರು ಚುನಾವಣೆಯ ದಿನ ಮನೆಯಲ್ಲೇ ಕುಳಿತರು. ಆ ನಿರ್ಬಂಧ 1905ರಲ್ಲಿ ಸಡಿಲಗೊಂಡು 1919ರಲ್ಲಿ ಪೂರ್ತಿ ಕಳಚಿತು.

ಇನ್ನು 1948ರ ಏಪ್ರಿಲ್ 18ರ ದೃಶ್ಯವನ್ನು ನೋಡಬೇಕು. ಅಂದು ಭಾನುವಾರ. ಹೊರಜಗತ್ತಿಗೆ ಮುಖ ತೋರದೆ ಮಠದ ಗೋಡೆಗಳ ನಡುವೆ ಬಾಳುತ್ತಿದ್ದ ಸನ್ಯಾಸಿನಿಯರು ಬಾಗಿಲು ತೆರೆದು, ಸಾಲಾಗಿ ಮತಗಟ್ಟೆಗೆ ನಡೆದರು! ವ್ರತ ತೊಟ್ಟವಳ ಕೈಯಲ್ಲಿ ಓಟಿನ ಚೀಟಿ. ಎರಡು ‘ವೋಟೋ’ಗಳೂ ಅಂದು ಒಂದೇ ಕೈ ಸೇರಿದುವು. ಕಮ್ಯೂನಿಸ್ಟರು ಗೆದ್ದಾರೆಂಬ ಭಯವೇ ಇದಕ್ಕೆ ಕಾರಣ. ವೈದ್ಯರಾದ ಲೂಯಿಜಿ ಜೆಡ್ಡಾ ಅವರು ಕಟ್ಟಿದ ‘ನಾಗರಿಕ ಸಮಿತಿ’ಗಳು ಇಗರ್ಜಿ ಇಗರ್ಜಿಗಳ ಸುತ್ತ ಹುಟ್ಟಿಕೊಂಡು, ವೃದ್ಧರನ್ನೂ ರೋಗಿಗಳನ್ನೂ ಮತಗಟ್ಟೆಗೆ ಕರೆತರುವ ಭಾರ ಹೊತ್ತವು. ಒಂದು ಭಿತ್ತಿಪತ್ರವಂತೂ, ಮತಗಟ್ಟೆಯ ಮರೆಯಲ್ಲಿ ನಿನ್ನನ್ನು ದೇವರು ಕಾಣುತ್ತಾನೆ, ಸ್ಟಾಲಿನ್ ಕಾಣಲಾರ ಎಂದು ಎಚ್ಚರಿಸಿತು. ಗುಪ್ತಮತದಾನ ಎಂಬುದರ ಗತಿ ಏನಾಯಿತು? ಗಂಡ ಕೆಂಪು ಬಾವುಟದ ಕಾರ್ಮಿಕ, ಹೆಂಡತಿ ಇಗರ್ಜಿಯ ಭಕ್ತೆಯಾಗಿದ್ದ ಮನೆಗಳಲ್ಲಿ ಆಕೆಯ ಪಾಡನ್ನು ಊಹಿಸಿಕೊಳ್ಳಬಹುದು. ರಾಷ್ಟ್ರೀಯ ಚುನಾವಣೆಯಲ್ಲಿ ಇಟಲಿಯ ಹೆಂಗಸರಿಗೆ ಓಟು ದೊರೆತು ಆಗಿನ್ನೂ ಎರಡೇ ವರ್ಷ.

ಅಂದು ಮತ ಹಾಕಿದವರು ನೂರಕ್ಕೆ 92. ಶಿಲುಬೆಯ ಗುರಾಣಿಯನ್ನು ಗುರುತಾಗಿ ಪಡೆದಿದ್ದ ಕ್ರೈಸ್ತ ಪ್ರಜಾಸತ್ತಾವಾದಿ ಪಕ್ಷ 48ಕ್ಕೂ ಮಿಗಿಲಾದ ಪಾಲನ್ನು ಗಳಿಸಿತು. ಕೀರ್ತಿಯೆಲ್ಲ ಪಾದ್ರಿಗಳಿಗೇ ಸಲ್ಲತಕ್ಕದ್ದಲ್ಲ. 1946ರಲ್ಲಿಯೇ ನೂರಕ್ಕೆ 89 ಮಂದಿ ಬಂದಿದ್ದರು. ಓಟು ಹಾಕುವುದು ನಾಗರಿಕನ ಕರ್ತವ್ಯವೆಂದು ಹೊಸ ಸಂವಿಧಾನವೂ ಹೇಳಿತ್ತು. ಕಮ್ಯೂನಿಸ್ಟರೇನೂ ತಮ್ಮ ಜನರನ್ನು ಕರೆತರುವುದರಲ್ಲಿ ಹಿಂದೆ ಬಿದ್ದವರಲ್ಲ. ಆದರೆ ಒಂದು ಮಾತು ನಿಜ: ಬೇಡವೆಂದಾಗ ಮನೆಯಲ್ಲಿ ಉಳಿದ ಭಕ್ತಿಯೇ ಹೋಗೆಂದಾಗ ಬೀದಿಗಿಳಿಯಿತು. ನಡುವೆ ಬದಲಾದುದು ಅಪ್ಪಣೆ, ಭಕ್ತನಲ್ಲ.

ಆ ಭಕ್ತರ ಮೊಮ್ಮಕ್ಕಳಿಗೆ ಇಗರ್ಜಿಯ ಬಳಕೆಯೇ ಕಡಿಮೆಯಾಯಿತು. 2022ರ ಸೆಪ್ಟೆಂಬರ್ 25ರ ಚುನಾವಣೆ ನಡೆದುದೂ ಭಾನುವಾರವೇ. ಬಂದವರು ನೂರಕ್ಕೆ ಸುಮಾರು 64.