ಕಾರಿನ ಮೇಲೆ ಎರಡು ಸೈಕಲ್

ಕಳೆದ ವರ್ಷ ಮೇ ತಿಂಗಳಲ್ಲಿ ನಾವು ಸಕಲೇಶಪುರದಿಂದ ಉಪ್ಪಿನಂಗಡಿ ಹತ್ತಿರದ ಹಳ್ಳಿಗೆ ಮನೆ ಬದಲಾಯಿಸಿದೆವು. ಉಮ್ಮ ಮತ್ತು ತಂಗಿ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು. ಸಾಮಾನಿನ ಲಾರಿಯೂ ಬೆಳಿಗ್ಗೆ ಹೊರಟಿತು. ಉಳಿದದ್ದು ಅಬ್ಬ, ನಾನು, ನಮ್ಮ ಹಳೆಯ ಆಲ್ಟೊ ಕಾರು ಮತ್ತು ಲಾರಿಯಲ್ಲಿ ಜಾಗ ಸಿಗದ ಎರಡು ಸೈಕಲ್‌ಗಳು.

ದೊಡ್ಡದು ಎಂಟನೇ ತರಗತಿಯಲ್ಲಿ ನನಗೆ ಸರ್ಕಾರದಿಂದ ಸಿಕ್ಕಿದ್ದು. ಚಿಕ್ಕದು ತಂಗಿಯದು. ಉಮ್ಮ ಬಟ್ಟೆ ಹೊಲಿದು ಕೂಡಿಟ್ಟ ಹಣದಲ್ಲಿ ಕೊಡಿಸಿದ್ದು. ಹೊಸ ಮನೆಯಿಂದ ಬಸ್ಸಿನ ರಸ್ತೆಗೆ ಮೂರು ಕಿಲೋಮೀಟರ್. ಜೂನ್‌ನಲ್ಲಿ ಅವಳು ಶಾಲೆಗೆ ಹೋಗಬೇಕಾದರೆ ಆ ಸೈಕಲ್ ಬೇಕೇ ಬೇಕು.

ಕಾರಿನ ಹಿಂಭಾಗಕ್ಕೆ ನೇತು ಹಾಕುವ ಸ್ಟ್ಯಾಂಡ್ ಒಂದನ್ನು ಗೆಳೆಯ ಕೊಡುತ್ತೇನೆ ಎಂದಿದ್ದ. ಅಬ್ಬ ಬೇಡವೆಂದರು. ಅದರಲ್ಲಿ ಸೈಕಲ್ ಇಟ್ಟರೆ ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪ ಮರೆಯಾಗುತ್ತವೆ. ಶಿರಾಡಿ ಘಾಟಿಯಲ್ಲಿ ಮಳೆ, ಮಂಜು ಬಂದರೆ ಹಿಂದಿನ ಲಾರಿಯವನಿಗೆ ನಾವು ಬ್ರೇಕ್ ಹಾಕಿದ್ದೇ ಕಾಣುವುದಿಲ್ಲ. "ಮೋನೇ, ಚಿಕ್ಕದರ ಚಕ್ರ ಬಿಚ್ಚಿ ಒಳಗೆ ಹಾಕು. ಮೇಲೆ ಒಂದೇ ಇರಲಿ" ಎಂದರು.

ನನಗೆ ನಟ್ಟು ಬಿಚ್ಚುವ ಸೋಮಾರಿತನ. ಸೀಟಿಗೆ ಚೈನಿನ ಎಣ್ಣೆ ತಾಗುತ್ತದೆ ಎಂದು ನೆಪ ಹೇಳಿದೆ. ಎರಡನ್ನೂ ಕಾರಿನ ಮೇಲಿನ ಕ್ಯಾರಿಯರ್‌ನಲ್ಲಿ ಒಂದರ ಮೇಲೊಂದು ಮಲಗಿಸಿ, ಒಂದೇ ನೈಲಾನ್ ಹಗ್ಗ ಸುತ್ತಿ ಗಂಟು ಹಾಕಿದೆ. "ಗಟ್ಟಿಯಾಗಿದೆಯಾ?" ಎಂದು ಅಬ್ಬ ಕೇಳಿದರು. "ಹೌದು" ಎಂದೆ. ಅಲುಗಾಡಿಸಿ ನೋಡಿರಲಿಲ್ಲ.

ದೋಣಿಗಾಲ್ ಹತ್ತಿರ ಸ್ಕೂಟರಿನವರೊಬ್ಬರು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದು ಕೈ ಬೀಸಿದರು. ಅವರ ಮುಂದೆ ಪುಟ್ಟ ಮಗುವೊಂದು ನಿಂತಿತ್ತು. ಇಳಿದು ನೋಡಿದರೆ ಗಂಟು ಜಾರಿ ಸಡಿಲವಾಗಿತ್ತು. ತಂಗಿಯ ಸೈಕಲ್ ಹಿಂದಕ್ಕೆ ಸರಿದು, ಅರ್ಧ ಹಿಂದಿನ ಗಾಜಿನ ಮೇಲೆ ನೇತಾಡುತ್ತಿತ್ತು. "ಇನ್ನು ಸ್ವಲ್ಪದರಲ್ಲಿ ನಮ್ಮ ಮೇಲೇ ಬೀಳ್ತಿತ್ತು ಸ್ವಾಮಿ" ಎಂದಷ್ಟೇ ಹೇಳಿ ಅವರು ಹೊರಟುಹೋದರು.

ಅಬ್ಬ ಬೈಯಲಿಲ್ಲ. "ಆ ಮಗುವಿಗೆ ಏನಾದರೂ ಆಗಿದ್ದರೆ?" ಎಂದು ಒಂದೇ ಮಾತು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಹತ್ತಿರದ ಪಂಕ್ಚರ್ ಅಂಗಡಿಯವರು ಸ್ಪ್ಯಾನರ್ ಕೊಟ್ಟರು. ಹಿಂದಿನ ಸೀಟು ಮಡಚಿ, ಹಳೆಯ ಬೆಡ್‌ಶೀಟ್ ಹಾಸಿದೆವು. ತಂಗಿಯ ಸೈಕಲಿನ ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಚೈನ್ ಇರುವ ಬದಿ ಮೇಲೆ ಬರುವಂತೆ ಒಳಗೆ ಮಲಗಿಸಿದೆವು. ಪೆಡಲ್ ಬಾಗಿಲಿಗೆ ತಾಗುತ್ತಿತ್ತು. ಎಡ ಪೆಡಲ್ ಎಷ್ಟು ತಿರುಗಿಸಿದರೂ ಬಿಚ್ಚಲಿಲ್ಲ. ಅದರ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು ಎಂದು ಅಂಗಡಿಯವರು ತೋರಿಸಿಕೊಟ್ಟರು. ನನ್ನ ಸೈಕಲನ್ನು ಮೇಲೆ ಒಂಟಿಯಾಗಿ ಮಲಗಿಸಿ, ಹಳೆಯ ಟ್ಯೂಬಿನ ಪಟ್ಟಿಗಳಿಂದ ಮೂರು ಕಡೆ ಬಿಗಿದು, ಅದರ ಮೇಲೆ ಹಗ್ಗ ಕಟ್ಟಿದೆವು. ನೈಲಾನ್ ನುಣುಪು, ಗಂಟು ಜಾರುತ್ತದೆ, ರಬ್ಬರ್ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ನಾನು ಉಳಿಸಲು ನೋಡಿದ ಈ ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

ಘಾಟಿ ಇಳಿಯುವ ಮೊದಲು ಮಾರನಹಳ್ಳಿಯಲ್ಲಿ, ಇಳಿದ ಮೇಲೆ ಗುಂಡ್ಯದಲ್ಲಿ ನಾನೇ ಕಾರು ನಿಲ್ಲಿಸಲು ಹೇಳಿ, ಕೈಯಿಂದ ಎಳೆದು ನೋಡಿದೆ. ಎಲ್ಲವೂ ಭದ್ರವಾಗಿತ್ತು.

ಸ್ನೇಹಿತರೇ, ಕಾರಿನಲ್ಲಿ ಸೈಕಲ್ ಒಯ್ಯಲು ಯಾವ ವಿಧಾನ ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಒಳಗೆ ಹಿಡಿಸುವುದಾದರೆ ಒಳಗೇ ಇಡಿ. ಹಿಡಿಸದಿದ್ದರೆ ಮೇಲೆ ಮಲಗಿಸಿ ಕಟ್ಟಿ, ದಾರಿಯಲ್ಲಿ ಇಳಿದು ನೋಡಿ. ಹಿಂದೆ ಕಟ್ಟುವುದಾದರೆ ದೀಪ ಮತ್ತು ನಂಬರ್ ಕಾಣುವಂತಿರಲಿ. ನಾವು ಹಾಕುವ ಗಂಟು ನಮ್ಮ ಸಾಮಾನಿಗಾಗಿ ಮಾತ್ರವಲ್ಲ, ಹಿಂದೆ ಬರುವವರಿಗಾಗಿಯೂ ಹೌದು.

ತಂಗಿ ಈಗ ದಿನವೂ ಅದೇ ಸೈಕಲಿನಲ್ಲಿ ಶಾಲೆಗೆ ಹೋಗುತ್ತಾಳೆ. ದೋಣಿಗಾಲ್‌ನಲ್ಲಿ ನಡೆದದ್ದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆಯನ್ನು ಮನೆಗೆ ಒಯ್ದು ಅವಳ ಕೈಗೇ ಕೊಡಬೇಕೆಂದಿದ್ದೇನೆ.